ವೀಸಾ ಬೇಡ ಅಂದರೆ ಹಾಗೇ ಹೊರಡಬಹುದೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ವಿದೇಶ ಪ್ರವಾಸದ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕೇಳಿದ್ದಕ್ಕೆ ಮಂಜೇಶ್ವರದಿಂದ ಅಡೂರಿನ ತನಕ ಪತ್ರಗಳು ಬಂದಿವೆ. ಗಲ್ಫ್ ಕೆಲಸದ ವೀಸಾ ಎಂದರೆ ಕಾಸರಗೋಡಿನ ಮನೆಮನೆಗೂ ಗೊತ್ತು. ಜನ ಎಡವುತ್ತಿರುವುದು ‘ಇಟಿಎ’ ಎಂಬ ಮೂರಕ್ಷರದಲ್ಲಿ. ಒಂದು ದೇಶಕ್ಕೆ ಹೋಗಲು ವೀಸಾ ಬೇಡವಾದವರು ವಿಮಾನ ಹತ್ತುವ ಮೊದಲು ಅಂತರಜಾಲದಲ್ಲೇ ಪಡೆದುಕೊಳ್ಳಬೇಕಾದ ಪ್ರಯಾಣ ಅನುಮತಿ ಅದು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ತಮ್ಮ ದುಬಾಯಿಗೆ ಹೋಗಿ ಹದಿನಾಲ್ಕು ವರ್ಷವಾಯಿತು. ಅಲ್ಲಿಯವರು ಮೊಬೈಲಿನಲ್ಲೇ ಇಟಿಎ ಮಾಡಿಸಿ ಲಂಡನ್ನಿಗೆ ಹೋಗಿಬರುತ್ತಾರಂತೆ. ‘ನಿನಗೂ ರೆಸಿಡೆನ್ಸಿ ಇದೆಯಲ್ಲ, ಮಾಡಿಸಿಕೊಡುತ್ತೇನೆ’ ಎಂದು ಒಬ್ಬ ಏಜೆಂಟ್ ಮುಂಗಡ ಕೇಳಿದ್ದಾನೆ. ಕೊಡಬಹುದೇ? (ಉಪ್ಪಳ)

ಉತ್ತರ: ಕೊಡಬೇಡಿ. ಇಟಿಎ ನೋಡುವುದು ಕೈಯಲ್ಲಿರುವ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದನ್ನು ಮಾತ್ರ. ಎಲ್ಲಿ ವಾಸ, ಎಷ್ಟು ವರ್ಷದಿಂದ ವಾಸ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಬ್ರಿಟನ್ ಈ ಪದ್ಧತಿಯನ್ನು 2023ರ ನವೆಂಬರಿನಲ್ಲಿ ಕತಾರ್ ಪ್ರಜೆಗಳಿಂದ ಶುರುಮಾಡಿತು. 2024ರ ಫೆಬ್ರವರಿಯಲ್ಲಿ ಎಮಿರೇಟ್ಸ್, ಸೌದಿ, ಕುವೈತ್, ಒಮಾನ್, ಬಹರೈನ್ ಪ್ರಜೆಗಳು ಸೇರಿದರು. 2025ರ ಜನವರಿ 8ರಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದವರಿಗೂ ಏಪ್ರಿಲ್ 2ರಿಂದ ಯುರೋಪಿನವರಿಗೂ ಕಡ್ಡಾಯವಾಯಿತು. ಭಾರತೀಯ ಪಾಸ್‌ಪೋರ್ಟ್ ಈ ಪಟ್ಟಿಯಲ್ಲಿಲ್ಲ. ನಿಮ್ಮ ತಮ್ಮನಿಗೆ ಬೇಕಾದ್ದು ಬ್ರಿಟನ್ನಿನ ಸಂದರ್ಶಕ ವೀಸಾ. ಅದಕ್ಕೆ ಅವರು ದುಬಾಯಿಯಲ್ಲೇ ಅರ್ಜಿ ಹಾಕಿ, ಬೆರಳಚ್ಚು ಕೊಡಬಹುದು. ಊರಿಗೆ ಬರಬೇಕಾಗಿಲ್ಲ.

ಅಮೆರಿಕದ ಎಸ್ಟಾ, ಕೆನಡಾದ ಇಟಿಎ, ಆಸ್ಟ್ರೇಲಿಯಾದ ಇಟಿಎ, ನ್ಯೂಜಿಲೆಂಡಿನ ಎನ್‌ಜಡ್‌ಇಟಿಎ, ದಕ್ಷಿಣ ಕೊರಿಯಾದ ಕೆ-ಇಟಿಎ, ಯುರೋಪು ತರಲಿರುವ ಇಟಿಯಾಸ್ ಇವೆಲ್ಲವೂ ಇದೇ ಜಾತಿಯವು. ಇವುಗಳಲ್ಲಿ ಯಾವುದೂ ನಮ್ಮ ಪಾಸ್‌ಪೋರ್ಟಿಗೆ ಅನ್ವಯಿಸುವುದಿಲ್ಲ. ಆ ದೇಶಗಳಿಗೆಲ್ಲ ನಮಗೆ ವೀಸಾ ಬೇಕು. ಗೊಂದಲ ಹುಟ್ಟುವುದು ಎಲ್ಲಿಂದ ಎಂದರೆ, ಸೌದಿ ಅರೇಬಿಯಾ 2023ರಿಂದ ಗಲ್ಫ್ ರಾಷ್ಟ್ರಗಳ ನಿವಾಸಿಗಳಿಗೆ, ಅವರು ಯಾವ ದೇಶದವರೇ ಆಗಿರಲಿ, ಪ್ರವಾಸಿ ಇ-ವೀಸಾ ಕೊಡುತ್ತಿದೆ. ಅಲ್ಲಿ ವಾಸದ ಕಾರ್ಡಿಗೆ ಬೆಲೆಯುಂಟು. ಎರಡೂ ಮೊಬೈಲಿನಲ್ಲೇ ಬರುವುದರಿಂದ ಒಂದೇ ಎಂದು ತೋರುತ್ತದೆ, ಅಷ್ಟೇ.

ಪ್ರಶ್ನೆ: ಮಗ, ಸೊಸೆ, ಎರಡು ವರ್ಷದ ಮೊಮ್ಮಗು ಮತ್ತು ನಾನು ಕೌಲಾಲಂಪುರಕ್ಕೆ ಹೊರಟಿದ್ದೇವೆ. ವೀಸಾ ಬೇಡ, ಆದರೆ ಒಂದು ಫಾರಂ ತುಂಬಬೇಕು ಎಂದರು. ಮಗ ಹುಡುಕಿದಾಗ ಸಿಕ್ಕಿದ ಜಾಲತಾಣ ತಲೆಗೆ 50 ಡಾಲರ್ ಕೇಳುತ್ತಿದೆ. ಅಷ್ಟು ಖರ್ಚಿದೆಯೇ? (ಬದಿಯಡ್ಕ)

ಉತ್ತರ: ಒಂದು ಪೈಸೆಯೂ ಇಲ್ಲ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ವೀಸಾ ವಿನಾಯಿತಿ ಕೊಟ್ಟಿದೆ. ಅದನ್ನು 2026ರ ಡಿಸೆಂಬರ್ 31ರವರೆಗೆ ಮುಂದುವರಿಸಿದೆ. ಇದರ ಜೊತೆಗೆ ಬೇಕಾದ್ದು ಎಂಡಿಎಸಿ ಎಂಬ ಡಿಜಿಟಲ್ ಆಗಮನ ಕಾರ್ಡ್. 2024ರ ಜನವರಿ 1ರಿಂದ ಕಡ್ಡಾಯವಾದ ಇದು ಪೂರ್ತಿ ಉಚಿತ. ಥಾಯ್ಲೆಂಡ್ 2025ರ ಮೇ 1ರಿಂದ ತಂದ ಟಿಡಿಎಸಿ ಕೂಡ ಹೀಗೆಯೇ ಉಚಿತ. ದುಡ್ಡು ಕೇಳುವ ಪುಟ ಬಂದರೆ ಅಲ್ಲಿಗೇ ಮುಚ್ಚಿ.

ಅಸಲಿ ತಾಣವನ್ನು ಗುರುತಿಸಲು ವಿಳಾಸದ ಬಾಲ ನೋಡಿ. ಮಲೇಷ್ಯಾದ್ದು ‘ಡಾಟ್ ಗವ್ ಡಾಟ್ ಎಂವೈ’ ಎಂದು, ಥಾಯ್ಲೆಂಡಿನದು ‘ಡಾಟ್ ಗೋ ಡಾಟ್ ಟಿಎಚ್’ ಎಂದು ಮುಗಿಯಬೇಕು. ಹುಡುಕಿದ ಕೂಡಲೇ ಮೇಲ್ಗಡೆ ಕಾಣುವ ಮೂರು ನಾಲ್ಕು ಕೊಂಡಿಗಳು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳಾಗಿರುವುದೇ ಹೆಚ್ಚು. ದೇಶದ ಬಾವುಟ, ಲಾಂಛನ ಎಲ್ಲ ಹಾಕಿ ಸರಕಾರಿ ತಾಣದ ಹಾಗೆಯೇ ಮಾಡಿರುತ್ತಾರೆ. ಅವರು ಮಾಡುವುದು ನಿಮ್ಮ ವಿವರವನ್ನು ಅದೇ ಉಚಿತ ಫಾರಂಗೆ ತುಂಬುವ ಕೆಲಸ. ಕೆಲವರು ಅದನ್ನೂ ಮಾಡುವುದಿಲ್ಲ. ಕಾರ್ಡಿನ ನಂಬರ್, ಪಾಸ್‌ಪೋರ್ಟಿನ ಚಿತ್ರ ಎರಡೂ ಅವರ ಕೈಗೆ ಹೋಗಿರುತ್ತವೆ ಎಂಬುದು ಕಳೆದ ದುಡ್ಡಿಗಿಂತ ದೊಡ್ಡ ತಲೆನೋವು.

ಇನ್ನು ತುಂಬುವ ಕ್ರಮ. ಮಲೇಷ್ಯಾಕ್ಕೆ ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳ ಒಳಗೆ ಮಾತ್ರ ತುಂಬಬೇಕು. ಸೋಮವಾರ ಇಳಿಯುವವರು ಶನಿವಾರ ಕುಳಿತರೆ ಯಾವ ಗೊಂದಲವೂ ಇಲ್ಲ. ಇಲ್ಲಿ ಆಗುವ ದೊಡ್ಡ ತಪ್ಪು ದಿನಾಂಕದ್ದು. ಕೊಚ್ಚಿಯಿಂದಲೋ ಬೆಂಗಳೂರಿನಿಂದಲೋ ರಾತ್ರಿ 11 ಗಂಟೆಗೆ ಹೊರಟ ವಿಮಾನ ಇಳಿಯುವುದು ಮರುದಿನ ಬೆಳಿಗ್ಗೆ. ಮಲೇಷ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಟಿಕೆಟಿನಲ್ಲಿ ದಪ್ಪಕ್ಷರದಲ್ಲಿ ಇರುವ ಹೊರಡುವ ದಿನಾಂಕವನ್ನೇ ‘ಆಗಮನದ ದಿನ’ ಎಂದು ಬರೆದರೆ ಕಾರ್ಡು ಒಂದು ದಿನ ಹಿಂದಿನದಾಗುತ್ತದೆ. ವಿಮಾನ ಬದಲಿಸಿ ಹೋಗುವವರು ಕೊನೆಯ ವಿಮಾನದ ನಂಬರನ್ನೂ ಕೊನೆಗೆ ಹತ್ತಿದ ಊರನ್ನೂ ಬರೆಯಬೇಕು. ಮಂಗಳೂರಿನಿಂದ ಚೆನ್ನೈ, ಅಲ್ಲಿಂದ ಕೌಲಾಲಂಪುರ ಎಂದಾದರೆ ಚೆನ್ನೈಯಿಂದ ಹೊರಡುವ ವಿಮಾನದ್ದು.

ಪಾಸ್‌ಪೋರ್ಟ್ ನಂಬರ್ ಬರೆಯುವಾಗ ಫೋಟೊ ಇರುವ ಪುಟದ ಅಡಿಯಲ್ಲಿ ಬಾಣದ ಗುರುತುಗಳ ಎರಡು ಉದ್ದ ಸಾಲು ಇವೆಯಲ್ಲ, ಅದನ್ನು ನೋಡಿ. ಯಂತ್ರ ಓದುವುದು ಆ ಸಾಲುಗಳನ್ನೇ, ಒಂದೊಂದರಲ್ಲಿ 44 ಅಕ್ಷರ. ಎರಡನೇ ಸಾಲಿನ ಮೊದಲ 8 ಅಕ್ಷರ ನಿಮ್ಮ ನಂಬರ್: ಒಂದು ಇಂಗ್ಲಿಷ್ ಅಕ್ಷರ, ಆಮೇಲೆ 7 ಅಂಕಿ. ಆದ್ದರಿಂದ ಭಾರತದ ಪಾಸ್‌ಪೋರ್ಟಿನಲ್ಲಿ ಎರಡನೇ ಸ್ಥಾನದಿಂದಾಚೆ ಗುಂಡಗೆ ಕಾಣುವುದು ಯಾವಾಗಲೂ ಸೊನ್ನೆ. ‘ಓ’ ಅಕ್ಷರ ಅಲ್ಲಿ ಬರಲು ಸಾಧ್ಯವಿಲ್ಲ. ಒಂಬತ್ತನೇ ಜಾಗದಲ್ಲಿ ಒಂದು ಬಾಣದ ಗುರುತು, ಅದರ ಮುಂದೆ ಒಂಟಿ ಅಂಕಿ ಇರುತ್ತದೆ. ಅದು ಯಂತ್ರವು ತಾಳೆ ನೋಡಲು ಇಟ್ಟ ಅಂಕಿ, ನಂಬರಿಗೆ ಸೇರಿದ್ದಲ್ಲ. ಅದನ್ನೂ ಸೇರಿಸಿ ಬರೆದವರ ಕಾರ್ಡು ಪಾಸ್‌ಪೋರ್ಟಿಗೆ ಕೂಡಿಬರುವುದಿಲ್ಲ.

ಮೊಮ್ಮಗುವಿಗೂ ಬೇರೆಯೇ ಕಾರ್ಡು ಬೇಕು. ತಾಯಿಯ ಕಾರ್ಡಿನಲ್ಲಿ ಮಗು ಸೇರುವುದಿಲ್ಲ. ನಾಲ್ವರ ಪಾಸ್‌ಪೋರ್ಟಿಗೂ ಕನಿಷ್ಠ 6 ತಿಂಗಳ ಅವಧಿ ಉಳಿದಿರಲಿ. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷಕ್ಕೇ ಮುಗಿಯುತ್ತದೆ ಎಂಬುದನ್ನು ಎಷ್ಟೋ ಮಂದಿ ಕೊನೆಯ ವಾರ ನೋಡುತ್ತಾರೆ. ಮರಳುವ ಟಿಕೆಟ್ ಮತ್ತು ಹೋಟೆಲಿನ ಬುಕ್ಕಿಂಗ್ ಕಾಗದದಲ್ಲೇ ಇರಲಿ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬಲ್ಲಿ ಖಾಲಿ ಇದೆ. ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಇನಿಶಿಯಲ್ ಮಾತ್ರ. ಆನ್‌ಲೈನ್ ಫಾರಂ ಸರ್‌ನೇಮ್ ಇಲ್ಲದೆ ಮುಂದೆ ಹೋಗುವುದೇ ಇಲ್ಲ. ಮನೆತನದ ಹೆಸರು ಹಾಕಲೇ? ಹುಟ್ಟಿದ ಊರು ‘ಕುಂಬ್ಳ’ ಎಂದಿದೆ, ನಾನು ‘ಕುಂಬಳೆ’ ಎಂದು ಬರೆಯುತ್ತೇನೆ. (ಕುಂಬಳೆ)

ಉತ್ತರ: ಪಾಸ್‌ಪೋರ್ಟಿನಲ್ಲಿ ಇಲ್ಲದ ಹೆಸರನ್ನು ಎಲ್ಲೂ ಸೇರಿಸಬೇಡಿ. ಮನೆತನದ ಹೆಸರು ಊರಿಗೆಲ್ಲ ಗೊತ್ತಿರಬಹುದು, ವಿಮಾನ ಸಂಸ್ಥೆಯ ಕಂಪ್ಯೂಟರಿಗೆ ಗೊತ್ತಿಲ್ಲ. ಒಂದೇ ಹೆಸರಿದ್ದವರು ಹೇಗೆ ತುಂಬಬೇಕೆಂದು ಪ್ರತಿ ದೇಶವೂ ತನ್ನ ತಾಣದ ಸೂಚನೆಗಳಲ್ಲಿ ಹೇಳಿರುತ್ತದೆ. ಅದನ್ನು ಓದಿ, ಅದರಂತೆಯೇ ಮಾಡಿ. ಟಿಕೆಟನ್ನೂ ಅದೇ ರೀತಿಯಲ್ಲಿ ಮಾಡಿಸಿ. ಊರಿನ ಹೆಸರೂ ಹಾಗೆಯೇ. ಮಂಜೇಶ್ವರ ಕೆಲವು ಪಾಸ್‌ಪೋರ್ಟಿನಲ್ಲಿ ‘ಮಂಜೇಶ್ವರಂ’ ಆಗಿರುತ್ತದೆ, ಕಾಸರಗೋಡು ಒಂದೊಂದರಲ್ಲಿ ಒಂದೊಂದು ಸ್ಪೆಲ್ಲಿಂಗಿನಲ್ಲಿರುತ್ತದೆ. ನಮ್ಮ ಊರಿನ ಹೆಸರನ್ನು ಹೀಗೆ ತಿರುಚಿ ಬರೆದದ್ದು ಕಂಡರೆ ಬೇಸರವಾಗುವುದು ಸಹಜ. ಆದರೂ ಫಾರಂನಲ್ಲಿ ಅದನ್ನು ತಿದ್ದಲು ಹೋಗಬೇಡಿ, ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇಳಿಸಿ.

ಪದೇಪದೇ ಪ್ರಯಾಣ ಮಾಡುವವರಾದರೆ ಪಾಸ್‌ಪೋರ್ಟನ್ನೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ದುಬಾಯಿ ಸೇರಿರುವ ಎಮಿರೇಟ್ಸ್ ದೇಶ ಕೂಡ 2022ರ ನವೆಂಬರಿನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟಿನವರನ್ನು ಸಂದರ್ಶಕ ವೀಸಾದಲ್ಲಿ ಬಿಡುವುದಿಲ್ಲ ಎಂದಿತ್ತು. ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆಗುತ್ತದೆ ಎಂದು ಆಮೇಲೆ ಸಡಿಲಿಸಿತು. ತಿದ್ದುಪಡಿಗೆ ‘ಮರುವಿತರಣೆ’ ಅರ್ಜಿ ಹಾಕಬೇಕು. ಕಾಸರಗೋಡು ಮುಖ್ಯ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೋ ಪಯ್ಯನ್ನೂರಿನಲ್ಲೋ ದಿನ ಕಾಯ್ದಿರಿಸಬಹುದು. ಎರಡೂ ಕೋಯಿಕ್ಕೋಡ್ ಪ್ರಾದೇಶಿಕ ಕಚೇರಿಗೆ ಸೇರಿದವು. ದೊಡ್ಡವರ 36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000.

ಒಂದು ಎಚ್ಚರಿಕೆ. ಮರುವಿತರಣೆಯಾದ ಪಾಸ್‌ಪೋರ್ಟಿಗೆ ಹೊಸ ನಂಬರ್ ಬರುತ್ತದೆ. ಹಳೆಯದರಲ್ಲಿ ಅಂಟಿಸಿದ ವೀಸಾ ಇದ್ದರೆ ಎರಡೂ ಪುಸ್ತಕ ಹಿಡಿದು ಹೋಗುವ ಕ್ರಮವುಂಟು. ಇಟಿಎಗೆ ಆ ಸೌಲಭ್ಯವಿಲ್ಲ; ಅದು ಹಳೆಯ ನಂಬರಿನೊಂದಿಗೇ ಸತ್ತುಹೋಗುತ್ತದೆ, ಅವಧಿ ಎಷ್ಟೇ ಉಳಿದಿರಲಿ.

ಪ್ರಶ್ನೆ: ಅಣ್ಣನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಅಮೆರಿಕದ ಪಾಸ್‌ಪೋರ್ಟ್. ಅಳಿಯಂದಿರದು ಭಾರತದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಇದೆ. ಇಬ್ಬರೂ ಲಂಡನ್ನಿನಲ್ಲಿ ನಾಲ್ಕು ದಿನ ನಿಂತು ಊರಿನ ಪೂಜೆಗೆ ಬರುತ್ತಾರೆ. ಯಾರಿಗೆ ಏನು ಬೇಕು? (ಪೆರ್ಲ)

ಉತ್ತರ: ಒಂದೇ ಮನೆಯವರಾದರೂ ದಾರಿ ಬೇರೆಬೇರೆ. ಮಗಳಿಗೆ ಬ್ರಿಟನ್ನಿನ ಇಟಿಎ ಸಾಕು. ಅಳಿಯಂದಿರಿಗೆ ಗ್ರೀನ್ ಕಾರ್ಡ್ ಇದ್ದರೂ ಲಂಡನ್ನಿನಲ್ಲಿ ತಂಗಲು ಸಂದರ್ಶಕ ವೀಸಾ ಬೇಕೇ ಬೇಕು. ಅದನ್ನು ಅವರು ಅಮೆರಿಕದಲ್ಲೇ ಮಾಡಿಸಬಹುದು; ವಾರಗಟ್ಟಲೆ ಹಿಡಿಯುವ ಕೆಲಸವಾದ್ದರಿಂದ ಟಿಕೆಟಿಗಿಂತ ಮೊದಲು ಅದು ಆಗಲಿ. ಇದೇ ಅಳಿಯಂದಿರು ಕೆನಡಾಕ್ಕೆ ಹೋಗುವುದಾದರೆ ಕತೆ ಬೇರೆ: 2022ರ ಏಪ್ರಿಲ್‌ನಿಂದ ಗ್ರೀನ್ ಕಾರ್ಡ್ ಇರುವವರಿಗೆ ಅಲ್ಲಿ ವೀಸಾವೂ ಬೇಡ, ಇಟಿಎಯೂ ಬೇಡ. ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಕಾರ್ಡ್ ತೋರಿಸಿದರೆ ಆಯಿತು.

ಮಗಳು ‘ಯುಕೆ ಇಟಿಎ’ ಆ್ಯಪ್‌ನಲ್ಲಿ ಅರ್ಜಿ ಹಾಕುವುದು ಸುಲಭ. ಮೊದಲು ಪಾಸ್‌ಪೋರ್ಟಿನ ಫೋಟೊ ಪುಟದ ಚಿತ್ರ ತೆಗೆಯಬೇಕು. ಅರ್ಜಿ ಇಲ್ಲೇ ಸಿಕ್ಕಿಬೀಳುವುದು ಜಾಸ್ತಿ, ಯಾಕೆಂದರೆ ಆ ಪುಟದ ಪ್ಲಾಸ್ಟಿಕ್ ಹೊದಿಕೆ ಟ್ಯೂಬ್‌ಲೈಟಿನ ಬೆಳಕಿಗೆ ಹೊಳೆದು ಅಕ್ಷರ ಬಿಳಿಯಾಗುತ್ತದೆ. ಹಗಲು ಹೊತ್ತು ಕಿಟಕಿಯ ಪಕ್ಕ ಕಪ್ಪು ಬಟ್ಟೆಯ ಮೇಲಿಟ್ಟು, ನಾಲ್ಕೂ ಮೂಲೆ ಮತ್ತು ಅಡಿಯ ಎರಡು ಸಾಲು ಪೂರ್ತಿ ಕಾಣುವಂತೆ ತೆಗೆದರೆ ಒಂದೇ ಸಲಕ್ಕೆ ಆಗುತ್ತದೆ. ಮುಂದಿನದು ಪಾಸ್‌ಪೋರ್ಟಿನೊಳಗಿನ ಚಿಪ್ ಓದಿಸುವುದು. ಪಾಸ್‌ಪೋರ್ಟಿನ ಮೇಲೆ ಫೋನಿನ ಬೆನ್ನನ್ನು ತಾಗಿಸಿಟ್ಟು ಅಲುಗಿಸದೆ ಹಿಡಿಯಬೇಕು. ಫೋನಿನ ಕವರ್ ದಪ್ಪವಿದ್ದರೆ ತೆಗೆದಿಡಿ, ಓದದಿದ್ದರೆ ಜಾಗವನ್ನು ತುಸು ಮೇಲೆ ಕೆಳಗೆ ಸರಿಸಿ ನೋಡಿ. ಆಮೇಲೆ ಮುಖದ ಸ್ಕ್ಯಾನ್, ಒಂದು ಫೋಟೊ, ಅಪರಾಧ ಪ್ರಕರಣಗಳ ಬಗ್ಗೆ ಕೆಲವು ಪ್ರಶ್ನೆ, ಕೊನೆಗೆ ಶುಲ್ಕ. 10 ಪೌಂಡ್ ಇದ್ದದ್ದು 2025ರ ಏಪ್ರಿಲ್ 9ರಂದು 16ಕ್ಕೆ ಏರಿತು. ಕಟ್ಟುವ ದಿನ ಆ್ಯಪ್ ತೋರಿಸುವ ಮೊತ್ತವನ್ನೇ ನಂಬಿ. ಉತ್ತರ ಸಾಮಾನ್ಯವಾಗಿ ಬೇಗ ಬರುತ್ತದೆ, ಆದರೆ ಮೂರು ಕೆಲಸದ ದಿನಗಳ ಜಾಗ ಬಿಟ್ಟುಕೊಳ್ಳಬೇಕು. ಶುಕ್ರವಾರ ರಾತ್ರಿ ಅರ್ಜಿ ಹಾಕಿ ಭಾನುವಾರ ಹೊರಡುವವರು ಈ ‘ಕೆಲಸದ ದಿನ’ ಎಂಬ ಮಾತನ್ನು ಮರೆತಿರುತ್ತಾರೆ. ಸಿಕ್ಕಿದ ಅನುಮತಿ 2 ವರ್ಷ ಅಥವಾ ಪಾಸ್‌ಪೋರ್ಟಿನ ಅವಧಿ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ.

ಊರಿಗೆ ಬರಲು ಆಕೆಗೆ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರಕಾರ ಕೊಡುವ ಕಾರ್ಡ್) ಇದ್ದರೆ ಬೇರೇನೂ ಬೇಡ. ಇಲ್ಲವಾದರೆ ಭಾರತದ ಇ-ವೀಸಾ ಬೇಕು. ತಮಾಷೆಯೆಂದರೆ ನಮ್ಮ ಸರಕಾರ ಇ-ವೀಸಾ ಮಂಜೂರಾದಾಗ ಕಳುಹಿಸುವ ಕಾಗದಕ್ಕೂ ‘ಇಟಿಎ’ ಎಂಬುದೇ ಹೆಸರು. ಬ್ರಿಟನ್ನಿನದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದನ್ನು ಮಾಡಿಸಿ ಎರಡೂ ಆಯಿತು ಎಂದುಕೊಳ್ಳಬಾರದು. ಕನಿಷ್ಠ 4 ದಿನ ಮೊದಲು ಅರ್ಜಿ ಹಾಕಿ, ಮುದ್ರಿಸಿ ಹಿಡಿದುಕೊಳ್ಳಲಿ. ಇ-ವೀಸಾದವರು ಇಳಿಯಬಹುದಾದ ನಿಲ್ದಾಣಗಳ ಪಟ್ಟಿಯಲ್ಲಿ ಮಂಗಳೂರು, ಕಣ್ಣೂರು ಎರಡೂ ಇವೆ.

ಪ್ರಶ್ನೆ: ಭಾವನಿಗೆ ಈಗ ಬ್ರಿಟಿಷ್ ಪಾಸ್‌ಪೋರ್ಟ್. 2013ರಲ್ಲಿ ಲಿಬಿಯಾದಲ್ಲಿ ಎಂಟು ತಿಂಗಳು ಕೆಲಸ ಮಾಡಿದ್ದರು. ಅಮೆರಿಕಕ್ಕೆ ಎಸ್ಟಾ ಹಾಕುವಾಗ ಅದನ್ನು ಬರೆಯದಿದ್ದರೆ ನಡೆಯುತ್ತದೆಯೇ? (ಮುಳ್ಳೇರಿಯ)

ಉತ್ತರ: ಬರೆಯಲೇಬೇಕು, ಬರೆದರೆ ಎಸ್ಟಾ ಸಿಗುವುದಿಲ್ಲ. ಎರಡೂ ನಿಜ. 2011ರ ಮಾರ್ಚ್ 1ರ ನಂತರ ಇರಾನ್, ಇರಾಕ್, ಸಿರಿಯಾ, ಸುಡಾನ್, ಲಿಬಿಯಾ, ಸೊಮಾಲಿಯಾ, ಯೆಮೆನ್, ಉತ್ತರ ಕೊರಿಯಾ ಇವುಗಳಲ್ಲಿ ಯಾವುದಕ್ಕಾದರೂ ಹೋದವರಿಗೆ, 2021ರ ಜನವರಿ 12ರ ನಂತರ ಕ್ಯೂಬಾಕ್ಕೆ ಹೋದವರಿಗೆ ಅಮೆರಿಕದ ವೀಸಾ ವಿನಾಯಿತಿ ಇಲ್ಲ. ಸರಕಾರಿ ಅಥವಾ ಸೇನಾ ಕೆಲಸದ ಮೇಲೆ ಹೋದವರಿಗೆ ಮಾತ್ರ ಕೆಲವು ರಿಯಾಯಿತಿ. ಕರ್ಬಲಾ ಯಾತ್ರೆಗೆ ಇರಾಕಿಗೆ ಹೋಗಿಬಂದವರಿಗೂ ಇದೇ ನಿಯಮ. ನಿಮ್ಮ ಭಾವ ಅಪರಾಧಿಯಲ್ಲ, ಅಮೆರಿಕದ ಬಾಗಿಲು ಅವರಿಗೆ ಮುಚ್ಚಿಲ್ಲ. ಅವರು ಸಾಮಾನ್ಯ ಸಂದರ್ಶಕ ವೀಸಾಕ್ಕೆ ಅರ್ಜಿ ಹಾಕಿ, ಸಂದರ್ಶನದಲ್ಲಿ ಕೆಲಸದ ದಾಖಲೆ ತೋರಿಸಬಹುದು. ಸುಳ್ಳು ಬರೆದು ಸಿಕ್ಕಿಬಿದ್ದರೆ ಮಾತ್ರ ಮುಂದೆ ಆ ವೀಸಾವೂ ಕಷ್ಟ. ಎಸ್ಟಾ ಶುಲ್ಕ 2025ರ ಸೆಪ್ಟೆಂಬರ್ 30ರಂದು 21 ಡಾಲರಿನಿಂದ 40ಕ್ಕೆ ಏರಿತು. ಅದನ್ನು ಸುಮ್ಮನೆ ಕಳೆಯುವುದೂ ಬೇಡ.

ಪ್ರಶ್ನೆ: ಕೀನ್ಯಾಕ್ಕೆ ವೀಸಾ ತೆಗೆದುಹಾಕಿದ್ದಾರಂತೆ. ಐದು ಮಂದಿ ಸ್ನೇಹಿತರು ಹೊರಟಿದ್ದೇವೆ. (ನೀರ್ಚಾಲು)

ಉತ್ತರ: ಹೌದು, 2024ರ ಜನವರಿಯಿಂದ ವೀಸಾ ಇಲ್ಲ, ಅದರ ಜಾಗಕ್ಕೆ ಇಟಿಎ ಬಂದಿದೆ. ನಮ್ಮ ಪಾಸ್‌ಪೋರ್ಟಿಗೆ ಅನ್ವಯಿಸುವ ಇಟಿಎ ಇದು. ಮೂಲ ಶುಲ್ಕ 30 ಡಾಲರ್, ಮೇಲೆ ಪಾವತಿ ವೆಚ್ಚ. ತಾಣದ ವಿಳಾಸ ‘ಡಾಟ್ ಗೋ ಡಾಟ್ ಕೆಇ’ ಎಂದು ಮುಗಿಯಬೇಕು. ಪಾಸ್‌ಪೋರ್ಟ್ ಪುಟ, ಮುಖದ ಫೋಟೊ, ವಿಮಾನದ ವಿವರ, ತಂಗುವ ಜಾಗದ ಬುಕ್ಕಿಂಗ್ ಇವನ್ನೆಲ್ಲ ಮೊದಲೇ ಫೋನಿಗೆ ಇಳಿಸಿಟ್ಟುಕೊಂಡು ಕುಳಿತುಕೊಳ್ಳಿ. ಕನಿಷ್ಠ ಮೂರು ದಿನ ಬೇಕು. ಒಂದು ವಾರ ಇಟ್ಟುಕೊಂಡರೆ ನೆಮ್ಮದಿ.

ನೀವು ಕೇಳದ ಒಂದು ವಿಷಯ ಇದಕ್ಕಿಂತ ಮುಖ್ಯ: ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ಮರಳುವವರ ಬಳಿ ಹಳದಿ ಬಣ್ಣದ ಲಸಿಕೆ ಪುಸ್ತಕ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ 6 ದಿನಗಳವರೆಗೆ ಪ್ರತ್ಯೇಕ ವಾಸದಲ್ಲಿ ಇಡಬಹುದು. ಲಸಿಕೆ ಹಾಕಿಸಿ 10 ದಿನವಾದ ಮೇಲಷ್ಟೇ ಪುಸ್ತಕಕ್ಕೆ ಬೆಲೆ. ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಸರಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ, ಅದೂ ನಿಗದಿತ ದಿನಗಳಲ್ಲಿ ಹಾಕುತ್ತಾರೆ. ಐವರೂ ಒಂದು ತಿಂಗಳ ಮೊದಲೇ ದಿನ ಗೊತ್ತುಮಾಡಿಕೊಳ್ಳಿ. ಮೊಟ್ಟೆಯ ಅಲರ್ಜಿ ಇದ್ದವರು, 60 ದಾಟಿದವರು ಮೊದಲು ವೈದ್ಯರನ್ನು ಕೇಳಬೇಕು.

ಪ್ರಶ್ನೆ: ಮದುವೆಯಾಗಿ ತಿಂಗಳಾಯಿತು, ಮಾಲ್ದೀವ್ಸಿಗೆ ಹೋಗುವವರಿದ್ದೇವೆ. ಹೆಂಡತಿಯ ಟಿಕೆಟನ್ನು ನನ್ನ ಹೆಸರು ಸೇರಿಸಿ ಮಾಡಿಸಿದ್ದೇನೆ. (ಹೊಸಂಗಡಿ)

ಉತ್ತರ: ಅವರ ಪಾಸ್‌ಪೋರ್ಟಿನಲ್ಲಿ ನಿಮ್ಮ ಹೆಸರು ಇಲ್ಲವಾದರೆ ಟಿಕೆಟನ್ನು ಇಂದೇ ತಿದ್ದಿಸಿ. ಮಾಲ್ದೀವ್ಸಿನಲ್ಲಿ ಭಾರತೀಯರಿಗೆ ಇಳಿದಲ್ಲೇ ಉಚಿತ ವೀಸಾ ಇದೆ. ಆದರೆ ‘ಇಮುಗಾ’ ಎಂಬ ಘೋಷಣಾ ಪತ್ರವನ್ನು ವಿಮಾನ ಹೊರಡುವ ಮುಂಚಿನ 96 ಗಂಟೆಗಳೊಳಗೆ ತುಂಬಬೇಕು, ಮರಳುವಾಗ ಇನ್ನೊಮ್ಮೆ. ಅದೂ ಉಚಿತ.

ಪ್ರಶ್ನೆ: ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲೋ ಗೆಳೆಯನ ಕಂಪ್ಯೂಟರಿನಲ್ಲೋ ತುಂಬಿಸಿದರೆ ಸಾಲದೇ? ಅನುಮತಿ ಬಂದ ಮೇಲೂ ತಡೆಯುತ್ತಾರೆಯೇ? (ವರ್ಕಾಡಿ)

ಉತ್ತರ: ಯಾರಿಂದ ಬೇಕಾದರೂ ತುಂಬಿಸಿ, ಆದರೆ ಇಮೇಲ್ ವಿಳಾಸ ನಿಮ್ಮದೇ ಇರಲಿ, ಮತ್ತು ಅದು ನಿಮ್ಮ ಫೋನಿನಲ್ಲಿ ತೆರೆಯುವಂತಿರಲಿ. ಒಪ್ಪಿಗೆಯ ಪತ್ರ, ಕ್ಯೂಆರ್ ಕೋಡ್, ಹೆಚ್ಚಿನ ದಾಖಲೆ ಕೇಳುವ ಪತ್ರ ಎಲ್ಲ ಬರುವುದು ಅಲ್ಲಿಗೇ. ‘ಕಳುಹಿಸು’ ಒತ್ತುವ ಮೊದಲು ಒಬ್ಬರು ಪಾಸ್‌ಪೋರ್ಟನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಬೇಕು. ಹುಟ್ಟಿದ ದಿನಾಂಕದಲ್ಲಿ ತಿಂಗಳು ಮೊದಲೋ ದಿನ ಮೊದಲೋ ಎಂಬುದನ್ನೂ ಆಗ ಗಮನಿಸಿ. 5ನೇ ತಾರೀಕು ಮಾರ್ಚ್ ತಿಂಗಳು ಮೇ 3 ಆಗಿಬಿಡುತ್ತದೆ.

ಎರಡನೆಯದಕ್ಕೆ, ತಡೆಯಬಹುದು. ಈ ಅನುಮತಿ ವಿಮಾನ ಹತ್ತಲು ಮಾತ್ರ. ದೇಶದೊಳಗೆ ಬಿಡುವುದು ಅಲ್ಲಿಯ ಗಡಿ ಅಧಿಕಾರಿಗೆ ಬಿಟ್ಟದ್ದು. ಮರಳುವ ಟಿಕೆಟ್, ತಂಗುವ ವಿಳಾಸ, ಖರ್ಚಿಗೆ ಹಣ ಇವನ್ನು ಕೇಳುತ್ತಾರೆ. ‘ಕೆಲಸ ಹುಡುಕಲು ಬಂದೆ’ ಎಂಬ ಒಂದು ಮಾತು ಬಾಯಿತಪ್ಪಿ ಬಂದರೂ ವಾಪಸು. ಇನ್ನು ಮೊದಲ ತಪಾಸಣೆ ಆಗುವುದು ವಿದೇಶದಲ್ಲೂ ಅಲ್ಲ. ಒಂದೇ ಟಿಕೆಟಿನಲ್ಲಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಮುಂಬಯಿ ಮೂಲಕ ಹೋಗುವವರ ದಾಖಲೆಯನ್ನು ಬಜ್ಪೆಯ ಕೌಂಟರಿನಲ್ಲೇ ನೋಡುತ್ತಾರೆ, ಯಾಕೆಂದರೆ ಅನುಮತಿ ಇಲ್ಲದವರನ್ನು ಕರೆದೊಯ್ದರೆ ದಂಡವೂ ವಾಪಸು ತರುವ ಖರ್ಚೂ ವಿಮಾನ ಸಂಸ್ಥೆಯ ತಲೆಗೆ. ಅಲ್ಲಿ ನಿಂತು ಫೋನ್ ಚಾರ್ಜ್ ಇಲ್ಲ, ನೆಟ್ ಸಿಗುತ್ತಿಲ್ಲ ಎಂದು ಪರದಾಡುವುದಕ್ಕಿಂತ ಒಪ್ಪಿಗೆಯ ಪತ್ರದ ಒಂದು ಪ್ರತಿಯನ್ನು ಮುದ್ರಿಸಿ ಪಾಸ್‌ಪೋರ್ಟಿನೊಳಗೆ ಮಡಚಿಟ್ಟುಕೊಳ್ಳಿ.